ಬಿರುಕು ಎಲ್ಲಿದೆ ಎಂದು ತೋರಿಸಿ

ಗೇಜ್ ಕಡ್ಡಿಗೆ ಅಂಟಿ ಬಂದ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕಿತ್ತು. ಒರೆಸಿ ಮತ್ತೆ ಅದ್ದಿದೆ. ಮತ್ತೆ ಅದೇ ಬಣ್ಣ. ಜೊತೆಗೆ ಮಟ್ಟವೂ ಮೇಲಿನ ಗೆರೆಯನ್ನು ದಾಟಿ ಒಂದು ಬೆರಳು ಹೆಚ್ಚಿತ್ತು. ಹಳೆಯ ಎಂಜಿನ್ ಆಯಿಲ್ ಕುಡಿಯುವುದು ಗೊತ್ತು, ಆಯಿಲ್ ಹಡೆಯುವುದನ್ನು ಯಾರೂ ಕಂಡಿಲ್ಲ. ಹೆಚ್ಚಿದ್ದು ನೀರು.

ಅದು ಅಪ್ಪನ ಲಾರಿ. ಆರು ಸಿಲಿಂಡರಿನ ಟಾಟಾ, 1994ರಲ್ಲಿ ಅಪ್ಪ ಸಾಲ ಮಾಡಿ ತಂದದ್ದು. ಅಪ್ಪ ತೀರಿಕೊಂಡ ಮೇಲೆ ಅದನ್ನು ಮಾರಲು ನನಗೆ ಮನಸ್ಸಾಗಲಿಲ್ಲ. ದಾವಣಗೆರೆಯ ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಲಾರಿ ಅದೇ ಯಾರ್ಡಿನಿಂದ ಗೋದಾಮುಗಳಿಗೆ, ಚಿತ್ರದುರ್ಗಕ್ಕೆ, ಕೆಲವೊಮ್ಮೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆಗೆ ಓಡುತ್ತದೆ. ಅಪ್ಪನ ಕಾಲದ ಡ್ರೈವರ್ ಅಣ್ಣನೇ ಇಂದಿಗೂ ಓಡಿಸುತ್ತಾನೆ. ಲಾರಿಗೆ ಒಂದು ನೋಟ್‌ಬುಕ್ ಇದೆ. ಡೀಸೆಲ್, ಆಯಿಲ್, ಟೈರು, ರೇಡಿಯೇಟರಿಗೆ ಹಾಕಿದ ನೀರು, ಎಲ್ಲವೂ ಅದರಲ್ಲಿ ಬರೆದಿದೆ. ನೀರನ್ನೂ ಬರೆಯುತ್ತೀಯಾ ಎಂದು ಕೇಳಿದವರಿದ್ದಾರೆ. ಆ ಕಾಲಂ ಇಲ್ಲದಿದ್ದರೆ ಈ ಕಥೆ ಬೇರೆ ಆಗುತ್ತಿತ್ತು.

ಮಾರ್ಚ್‌ನಿಂದಲೇ ಆ ಕಾಲಂ ಬೆಳೆಯತೊಡಗಿತ್ತು. ಮೊದಲು ವಾರಕ್ಕೆ ಅರ್ಧ ಲೀಟರ್. ಆಮೇಲೆ ಚಳ್ಳಕೆರೆಗೆ ಹೋಗಿ ಬಂದರೆ ಒಂದೂವರೆ ಲೀಟರ್. ಹೋಸ್ ಪೈಪ್ ಒದ್ದೆಯಿಲ್ಲ, ಪಂಪಿನ ಕೆಳಗೆ ಹನಿಯಿಲ್ಲ, ನಿಂತ ಜಾಗದಲ್ಲಿ ನೆಲದ ಮೇಲೆ ಕಲೆಯಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಭರಮಸಾಗರ ದಾಟಿದ ಮೇಲೆ ಉಷ್ಣದ ಮುಳ್ಳು ಕೆಂಪಿಗೆ ಹೋಯಿತು. ಫ್ಯಾನ್ ಬೆಲ್ಟ್ ಸಡಿಲವಾಗಿ ಜಾರುತ್ತಿತ್ತು. ಅಣ್ಣ ಹೆದ್ದಾರಿಯ ಬದಿಗೆ ನಿಲ್ಲಿಸಿ, ಹತ್ತು ನಿಮಿಷವೂ ಕಾಯದೆ, ಪಕ್ಕದ ಹೋಟೆಲಿನ ಡ್ರಮ್ಮಿನಿಂದ ಎರಡು ಕೊಡ ತಣ್ಣೀರು ತಂದು ಹೊಯ್ದ. ಆತನನ್ನು ನಾನು ಬೈಯಲಿಲ್ಲ. ಸುಡುಬಿಸಿಲು, ತುಂಬಿದ ಲೋಡು, ಮಂಡಿಯಿಂದ ಫೋನಿನ ಮೇಲೆ ಫೋನು. ಆದರೆ ಮೊದಲೇ ಶುರುವಾಗಿದ್ದ ಕೆಡುಕು ಪೂರ್ತಿ ಆದದ್ದು ಅಲ್ಲಿಯೇ ಎಂದು ಈಗ ಇಬ್ಬರಿಗೂ ಗೊತ್ತು.

ಕಾದ ಹಂಚನ್ನು ತಣ್ಣೀರಿನ ತೊಟ್ಟಿಗೆ ಇಳಿಸಬೇಡ ಎಂದು ನಮ್ಮಜ್ಜಿ ಸೊಸೆಯಂದಿರಿಗೆ ಹೇಳುತ್ತಿದ್ದಳು. ಎರಕದ ಹಂಚು ಟಪ್ಪೆಂದು ಸೀಳುತ್ತದೆ. ಎಂಜಿನ್ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲು, ಅದೂ ನಮ್ಮ ಲಾರಿಯಲ್ಲಿ ಎರಕದ ಕಬ್ಬಿಣವೇ. ಒತ್ತಿದರೆ ಎಷ್ಟು ಬೇಕಾದರೂ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಅದರೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಹಾಳೆಗಳಂಥ ಚೂರುಗಳಿರುತ್ತವೆ. ಸೀಳಿಗೆ ಅವೇ ದಾರಿ. ಕಾದು ಹಿಗ್ಗಿದ ಗೋಡೆಗೆ ಒಂದು ಬದಿಯಿಂದ ತಣ್ಣೀರು ತಾಗಿದರೆ ಆ ಬದಿ ಮಾತ್ರ ಗಕ್ಕನೆ ಕುಗ್ಗುತ್ತದೆ, ಪಕ್ಕದ ಬಿಸಿ ಕಬ್ಬಿಣ ಹಾಗೆಯೇ ಹಿಗ್ಗಿ ನಿಂತಿರುತ್ತದೆ. ನಡುವಿನ ತೆಳುವಾದ ಜಾಗ ಬಿಡುತ್ತದೆ.

ಮರುದಿನ ಲಾರಿಯನ್ನು ಎಳೆಸಿಕೊಂಡು ಹೋಗಿ ಒಂದು ಗ್ಯಾರೇಜಿನಲ್ಲಿ ನಿಲ್ಲಿಸಿದೆವು. ಹುಡುಗನೊಬ್ಬ ಕಡ್ಡಿ ಎಳೆದು ನೋಡಿದ, ಬ್ಲಾಕಿನ ಎಡಬದಿಗೆ ಟಾರ್ಚ್ ಬಿಟ್ಟ, ಉದ್ದಕ್ಕೆ ಒಂದು ಗೆರೆ ತೋರಿಸಿದ. “ಬ್ಲಾಕ್ ಒಡೆದಿದೆ ಮೇಡಂ. ಬೇರೆ ಎಂಜಿನ್ ಕೂರಿಸಬೇಕು.” ಹಳೆಯ ಎಂಜಿನ್ ಒಂದಕ್ಕೆ ಅವರು ಹೇಳಿದ ದರ ಎಂಬತ್ತೈದು ಸಾವಿರ. ಇಷ್ಟೆಲ್ಲ ಆಗಲು ಕಾಲು ಗಂಟೆ ಹಿಡಿದಿರಬೇಕು.

ಆಯಿಲಿನಲ್ಲಿ ನೀರು ಕಂಡರೆ ಬ್ಲಾಕ್ ಒಡೆದಿದೆ ಎಂದು ತೀರ್ಮಾನಿಸುವುದು, ಕೆಮ್ಮು ಕೇಳಿದ ಕೂಡಲೇ ಕ್ಷಯ ಎಂದಂತೆ. ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಪದರ, ಹೆಡ್ ಗ್ಯಾಸ್ಕೆಟ್, ಹೋಗಿದ್ದರೂ ಹೀಗೇ ಆಗುತ್ತದೆ. ಹೆಡ್ ಸೀಳಿದ್ದರೂ ಆಗುತ್ತದೆ. ನೀರಿನಿಂದ ತಂಪಾಗುವ ಆಯಿಲ್ ಕೂಲರ್ ಇರುವ ಎಂಜಿನ್ನುಗಳಲ್ಲಿ ಕೂಲರ್ ತೂತಾದರೂ ಆಗುತ್ತದೆ. ಸಿಲಿಂಡರಿನೊಳಗೆ ಕೂರಿಸುವ ಕೊಳವೆ, ಅಂದರೆ ಲೈನರ್, ನೀರಿಗೆ ನೇರವಾಗಿ ತಾಗಿ ಕೂರುವಂಥದ್ದಾದರೆ ಅದರ ರಬ್ಬರ್ ರಿಂಗ್ ಸವೆದರೂ ಆಗುತ್ತದೆ. ಇವೆಲ್ಲ ಬ್ಲಾಕಿನ ಲೆಕ್ಕಕ್ಕೆ ಹೋಲಿಸಿದರೆ ಪುಡಿಗಾಸಿನ ಕೆಲಸ. ನಾನು ಆ ಹುಡುಗನಿಗೆ ಕೇಳಿದ್ದು ಒಂದೇ: ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ, ನೀರು ಯಾವ ದಾರಿಯಿಂದ ಆಯಿಲಿಗೆ ಇಳಿಯುತ್ತಿದೆ, ತೋರಿಸಿ. ಅವನು ಮತ್ತೆ ಅದೇ ಗೆರೆ ತೋರಿಸಿದ. ಆ ಗೆರೆ ಬ್ಲಾಕಿನ ಹೊರಗೋಡೆಯಲ್ಲಿತ್ತು. ಅಲ್ಲಿ ಒಡೆದಿದ್ದರೆ ನೀರು ರಸ್ತೆಗೆ ಬೀಳಬೇಕು, ಆಯಿಲಿಗೆ ಹೋಗುವುದು ಹೇಗೆ? ಅದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಲಾರಿಯನ್ನು ಮತ್ತೆ ಎಳೆಸಿದೆ.

ಕಾಕಾ ಅಪ್ಪನ ಗೆಳೆಯರು. ಎಪ್ಪತ್ತು ದಾಟಿದೆ. ಈಗ ಎಂಜಿನ್ ಕೆಲಸ ಬಿಟ್ಟಿದ್ದಾರೆ, ಪಿ.ಬಿ. ರಸ್ತೆಯ ಆಚೆ ಮಗನ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, ನೋಟ್‌ಬುಕ್ಕಿನ ನೀರಿನ ಕಾಲಂ ಓದಿಸಿಕೊಂಡು, “ಇವತ್ತು ಏನೂ ಬಿಚ್ಚುವುದು ಬೇಡವ್ವ. ರಾತ್ರಿ ಹಾಗೆಯೇ ನಿಲ್ಲಲಿ” ಎಂದರು.

ನಿಲ್ಲಲಿ ಎಂದದ್ದಕ್ಕೆ ಕಾರಣವಿತ್ತು. ನೀರು ಆಯಿಲಿಗಿಂತ ಭಾರ. ಎಂಜಿನ್ ಓಡುವಾಗ ಎರಡೂ ಮಜ್ಜಿಗೆಯಂತೆ ಕಡೆದು ಬೆರೆಯುತ್ತವೆ, ಚಹಾದ ಬಣ್ಣ ಬರುವುದು ಅದರಿಂದ. ರಾತ್ರಿಯಿಡೀ ಅಲುಗದೆ ನಿಂತರೆ ಬೆರೆಯದೆ ಉಳಿದ ನೀರು ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಯ, ಅಂದರೆ ಚೇಂಬರಿನ, ತಳ ಸೇರುತ್ತದೆ. ಬೆಳಿಗ್ಗೆ ಕಾಕಾ ಚೇಂಬರಿನ ತಳದ ಬೋಲ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿದರು. ಮೊದಲು ಬಂದದ್ದು ತಿಳಿನೀರು, ಒಂದು ತಂಬಿಗೆಯಷ್ಟು. ಆಮೇಲೆ ಬೂದು ಲೋಳೆ. ಆಮೇಲೆ ಆಯಿಲ್. ನೀರು ಕಡಿಮೆಯಿದ್ದು ಅನುಮಾನ ಬಂದರೆ ಎರಡು ಹನಿ ಆಯಿಲನ್ನು ಕಾದ ಹಂಚಿನ ಮೇಲೆ ಬಿಡಬೇಕಂತೆ. ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತದೆ, ಇಲ್ಲದಿದ್ದರೆ ಸುಮ್ಮನೆ ಹೊಗೆಯಾಡುತ್ತದೆ. ನಮಗೆ ಹಂಚಿನ ಅಗತ್ಯ ಬೀಳಲಿಲ್ಲ.

ಇಂಥ ಆಯಿಲ್ ಇಟ್ಟುಕೊಂಡು “ಊರು ಮುಟ್ಟಿಸೋಣ” ಎಂದು ಓಡಿಸಬಾರದು. ಪಿಸ್ಟನ್ನುಗಳು ತಿರುಗಿಸುವ ದಂಡ ಕ್ರ್ಯಾಂಕ್. ಅದು ತೇಲುವುದು ಬೇರಿಂಗಿನ ನಡುವಿನ ತೆಳುವಾದ ಆಯಿಲ್ ಪೊರೆಯ ಮೇಲೆ. ನೀರು ಬೆರೆತರೆ ಆ ಪೊರೆ ಹರಿದುಹೋಗುತ್ತದೆ. ಬಿರುಕಿನ ಖರ್ಚು ಒಂದಾದರೆ ಕ್ರ್ಯಾಂಕಿನ ಖರ್ಚು ಅದರ ಮೇಲೆ.

ಮುಂದಿನದು ಗುಳ್ಳೆಯ ಪರೀಕ್ಷೆ. ಹೊಸ ಆಯಿಲ್ ಸ್ವಲ್ಪ ಹಾಕಿ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು, ಕುತ್ತಿಗೆಯವರೆಗೆ ನೀರು ತುಂಬಿ, ಫ್ಯಾನ್ ಬೆಲ್ಟ್ ಬಿಚ್ಚಿ ಒಂದೇ ನಿಮಿಷ ಸ್ಟಾರ್ಟ್ ಮಾಡಿದರು. ಬೆಲ್ಟ್ ಇದ್ದರೆ ಪಂಪು ನೀರನ್ನು ಕಲಕುತ್ತದೆ, ಗುಳ್ಳೆ ಎಲ್ಲಿಯದು ಎಂದು ತಿಳಿಯುವುದಿಲ್ಲ. ಸಿಲಿಂಡರಿನ ಉರಿಯುವ ಗಾಳಿ ನೀರಿಗೆ ನುಗ್ಗುತ್ತಿದ್ದರೆ ಅನ್ನ ಕುದಿಯುವಂತೆ ಒಂದೇ ಸಮ ಗುಳ್ಳೆ ಏಳುತ್ತದೆ. ಆಗ ಒಂದೊಂದೇ ಸಿಲಿಂಡರಿನ ಡೀಸೆಲ್ ಪೈಪಿನ ನಟ್ ಸಡಿಲಿಸುತ್ತ ಹೋದರೆ, ಯಾವುದನ್ನು ನಿಲ್ಲಿಸಿದಾಗ ಗುಳ್ಳೆ ನಿಲ್ಲುತ್ತದೆಯೋ ಅದೇ ಕಳ್ಳ. ನಾನು ಬಗ್ಗಿ ನೋಡುತ್ತಲೇ ಇದ್ದೆ. ನೀರಿನ ಮೇಲೆ ಶೆಡ್ಡಿನ ತಗಡಿನ ನೆರಳು ನಡುಗುತ್ತಿತ್ತು, ಗುಳ್ಳೆ ಒಂದೂ ಬರಲಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆಯೂ ಇರಲಿಲ್ಲ.

“ಹಾಗಾದರೆ ಬೆಂಕಿಗೂ ನೀರಿಗೂ ಜಗಳವಿಲ್ಲ. ನೀರಿಗೂ ಆಯಿಲಿಗೂ ಮಾತ್ರ ಒಳದಾರಿಯಿದೆ” ಎಂದರು ಕಾಕಾ. ಆ ಮಾತು ಕೇಳಿ ನನಗೆ ಎಷ್ಟು ಧೈರ್ಯ ಬಂತೆಂದರೆ, ಅಂದು ಮಂಡಿಗೆ ಹೋಗುವುದನ್ನೇ ಬಿಟ್ಟೆ. ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಚೇಂಬರ್ ಬಿಚ್ಚಿ ಕೆಳಗೆ ಇಳಿಸಿದರು. ರೇಡಿಯೇಟರಿನ ಬಾಯಿಗೆ ಕೈಪಂಪು ಜೋಡಿಸಿ ಗಾಳಿ ಹಾಕಿದರು. ಮುಚ್ಚಳದ ಮೇಲೆ ಬರೆದಿರುವ ಒತ್ತಡಕ್ಕಿಂತ ಹೆಚ್ಚು ಹಾಕಬಾರದು, ಇಲ್ಲದಿದ್ದರೆ ಒಳ್ಳೆಯ ರೇಡಿಯೇಟರೂ ಸೀಳುತ್ತದೆ. ಆಮೇಲೆ ಕಾಯುವುದು. ಗೋಣಿಚೀಲ ಹಾಸಿಕೊಂಡು ನಾನೂ ಲಾರಿಯ ಕೆಳಗೆ ಮಲಗಿದೆ. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಮೂರನೆಯ ಸಿಲಿಂಡರಿನ ಪಕ್ಕದಲ್ಲಿ, ವಾಲ್ವ್ ಎತ್ತುವ ಕಡ್ಡಿ, ಪುಶ್ ರಾಡ್, ಇಳಿಯುವ ಬದಿಯಿಂದ, ಒಂದು ಹನಿ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಜಾರಿ ಬಂದು ಆ ಕಡ್ಡಿಗಳನ್ನು ಮೇಲೆತ್ತುವ ಕ್ಯಾಮ್ ಶಾಫ್ಟಿನ ಬಳಿ ನಿಂತಿತು. ಟಾರ್ಚಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ತೂಗಿ ನನ್ನ ಕೆನ್ನೆಯ ಮೇಲೆ ಬಿತ್ತು. ತಣ್ಣಗಿತ್ತು. ಎರಡನೆಯ ಹನಿಗೆ ಆರು ನಿಮಿಷ ಹಿಡಿಯಿತು. ಗಡಿಯಾರ ನೋಡಿ ಬರೆದುಕೊಂಡೆ. ಅದೇ ಜಾಗ.

ಇಷ್ಟಾದರೂ ಬ್ಲಾಕ್ ಎಂದು ಹೇಳುವಂತಿರಲಿಲ್ಲ. ಗ್ಯಾಸ್ಕೆಟಿನಲ್ಲಿ ನೀರಿನ ತೂತಿನಿಂದ ಪುಶ್ ರಾಡ್ ತೂತಿಗೆ ದಾರಿ ಬಿದ್ದಿದ್ದರೂ ಹನಿ ಇಳಿಯುವುದು ಇಲ್ಲಿಂದಲೇ. ಹೆಡ್ ಇಳಿಸಿದರು. ಗ್ಯಾಸ್ಕೆಟಿನಲ್ಲಿ ಆ ಜಾಗದಲ್ಲಿ ಹರಿದ ಗುರುತಿಲ್ಲ. ಹೆಡ್ಡನ್ನು ಸಿಲಿಂಡರ್ ಕೊರೆಯುವ ಬೋರಿಂಗ್ ಶಾಪಿಗೆ ಕಳಿಸಿ, ತೂತುಗಳನ್ನೆಲ್ಲ ಪಟ್ಟಿ ಕಟ್ಟಿ ಮುಚ್ಚಿ, ನೀರಿನ ಒತ್ತಡ ಕೊಟ್ಟು ನೋಡಿಸಿದೆವು. ಹೆಡ್ ಗಟ್ಟಿಯಾಗಿತ್ತು. ಕೊನೆಗೆ ಉಳಿದದ್ದು ಬ್ಲಾಕಿನ ಮೇಲ್ಮೈ ಒಂದೇ.

ಅದು ಕಣ್ಣಿಗೆ ಚೊಕ್ಕವಾಗಿ ಕಾಣುತ್ತಿತ್ತು. ಕಾಕಾ ಅದನ್ನು ಕೆರೆದು, ಡೀಸೆಲ್‌ನಲ್ಲಿ ತೊಳೆದು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಮತ್ತೆ ತೊಳೆದು, ಒಣಗಿಸಿದರು. ಆಮೇಲೆ ಬಾಟಲಿಯಲ್ಲಿ ಜೋಪಾನ ಮಾಡಿಟ್ಟಿದ್ದ ಸೀಮೆಎಣ್ಣೆಯನ್ನು ಬ್ರಶ್ಶಿನಿಂದ ಹಚ್ಚಿ, “ಊಟ ಮಾಡಿ ಬಾ” ಎಂದರು. ಸೀಮೆಎಣ್ಣೆ ನೀರಿಗಿಂತ ತೆಳುವಾಗಿ ಹರಡುತ್ತದೆ, ಕೂದಲೆಳೆಯಂಥ ಸಂದಿಗೂ ಇಳಿಯುತ್ತದೆ. ನಾನು ಬಂದ ಮೇಲೆ ಒಗೆದ ಪಂಚೆಯ ತುಂಡಿನಿಂದ ಮೇಲ್ಮೈಯನ್ನು ಒರೆಸಿ ಒರೆಸಿ ಒಣಗಿಸಿದರು. ಒಂದು ಸೀಮೆಸುಣ್ಣದ ಕಡ್ಡಿಯನ್ನು ಕುಟ್ಟಿ ನುಣ್ಣಗೆ ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಕಟ್ಟಿ, ಬ್ಲಾಕಿನ ಮೇಲೆ ಮೆಲ್ಲಗೆ ತಟ್ಟುತ್ತ ಹೋದರು. ಬೆಳಗಿನ ರಂಗೋಲಿ ಚೆಲ್ಲಿದ ಹಾಗೆ ಬೂದು ಕಬ್ಬಿಣ ಬೆಳ್ಳಗಾಯಿತು. ಮರದ ಸುತ್ತಿಗೆಯಿಂದ ಪಕ್ಕಕ್ಕೆ ನಾಲ್ಕು ಏಟು. ಅಷ್ಟೇ.

ಮೊದಲು ಏನೂ ಕಾಣಲಿಲ್ಲ. ಎರಡು ಮೂರು ನಿಮಿಷ ಕಳೆದಿರಬೇಕು. ಮೂರನೆಯ ಸಿಲಿಂಡರಿನ ಪಕ್ಕದ ನೀರಿನ ತೂತಿನ ಅಂಚಿನಲ್ಲಿ ಬಿಳಿ ಪುಡಿ ಒಂದು ಚುಕ್ಕೆಯಷ್ಟು ಕಪ್ಪಾಯಿತು. ಚುಕ್ಕೆಯಿಂದ ಒಂದು ಎಳೆ ಹೊರಟಿತು. ಇರುವೆ ನಡೆದಂತೆ ಸ್ವಲ್ಪ ಸೊಟ್ಟ, ಸ್ವಲ್ಪ ನೆಟ್ಟಗೆ, ಮತ್ತೆ ಸೊಟ್ಟ. ಒಳಗೆ ಅಡಗಿದ್ದ ಸೀಮೆಎಣ್ಣೆ ಮೇಲೆ ಬಂದು ಸುಣ್ಣವನ್ನು ತೋಯಿಸುತ್ತಿತ್ತು. ಎಳೆ ಪುಶ್ ರಾಡ್ ತೂತಿನ ಅಂಚಿಗೆ ಹೋಗಿ ನಿಂತಿತು. ಒಂದೂಕಾಲು ಇಂಚು. ಬೆರಳಿನಿಂದ ಸವರಿದರೆ ಏನೂ ತಿಳಿಯುವುದಿಲ್ಲ, ಉಗುರಿಗೂ ಸಿಗುವುದಿಲ್ಲ. ಆ ಇರುವೆಯ ದಾರಿಯಲ್ಲೇ ನಮ್ಮ ನೀರೆಲ್ಲ ಇಳಿದುಹೋಗಿತ್ತು.

ಬಿರುಕು ಸಿಕ್ಕಿದರೆ ದುಃಖವಾಗಬೇಕು. ನನಗೆ ಕಣ್ಣು ತುಂಬಿ ಬಂದದ್ದು ಸಮಾಧಾನದಿಂದ. ಗ್ಯಾರೇಜಿನ ಹುಡುಗ ಬ್ಲಾಕ್ ಒಡೆದಿದೆ ಎಂದದ್ದು ನಿಜವೇ ಆಗಿತ್ತು. ಅದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಆದರೆ ಅವನು ಅದನ್ನು ಕಂಡಿರಲಿಲ್ಲ. ಅವನು ತೋರಿಸಿದ ಹೊರಗೋಡೆಯ ಗೆರೆಗೂ ಕಾಕಾ ಸೀಮೆಎಣ್ಣೆ ಹಚ್ಚಿ ಸುಣ್ಣ ತಟ್ಟಿದರು. ಸಂಜೆಯವರೆಗೂ ಅದು ಬೆಳ್ಳಗೇ ಉಳಿಯಿತು. ಅದು ಎರಕದ ಅಚ್ಚಿನ ಎರಡು ಭಾಗಗಳು ಕೂಡಿದ ಗುರುತು. ಅಚ್ಚಿನ ಗೆರೆ ನೆಟ್ಟಗಿರುತ್ತದೆ, ಉಗುರಿಗೆ ಉಬ್ಬಾಗಿ ತಾಗುತ್ತದೆ. ಬಿರುಕು ಸಾಮಾನ್ಯವಾಗಿ ಹಾಗೆ ಉಬ್ಬುವುದಿಲ್ಲ, ಸ್ಕೇಲಿಟ್ಟು ಎಳೆದಂತೆ ಇರುವುದೂ ಅಪರೂಪ. ಹೊರಗೋಡೆಯಲ್ಲಿ ನಿಜವಾದ ಬಿರುಕಿದ್ದರೆ ಅದರ ಕೆಳಗೆ ತುಕ್ಕಿನ ಸೋರುಗಲೆಯೋ, ನೀರು ಆರಿ ಉಳಿದ ಬಿಳಿ ಸುಣ್ಣದ ಗೆರೆಯೋ ಸಾಮಾನ್ಯವಾಗಿ ಇರುತ್ತದೆ.

ಬಿರುಕು ಇದೆಯೋ ಇಲ್ಲವೋ ಎಂಬುದು ಅರ್ಧ ಪ್ರಶ್ನೆ. ಯಾವ ಎರಡು ಜಾಗಗಳ ನಡುವೆ ಇದೆ ಎಂಬುದರ ಮೇಲೆ ಲಾರಿಯ ಆಯುಸ್ಸು ನಿಂತಿದೆ. ಕ್ರ್ಯಾಂಕನ್ನು ಹೊತ್ತ ಮೇನ್ ಬೇರಿಂಗಿನ ಗೋಡೆಗೆ ಬಿರುಕು ಬಂದಿದ್ದರೆ ಕಾಕಾ ಮುಟ್ಟುತ್ತಲೇ ಇರಲಿಲ್ಲ, ಗುಜರಿಗೆ ಹಾಕು ಎನ್ನುತ್ತಿದ್ದರು. ಸಿಲಿಂಡರಿನ ಗೋಡೆಗೆ ಬಂದಿದ್ದರೆ ಬೋರ್ ಕೊರೆದು ಲೈನರ್ ಕೂರಿಸುವ ದೊಡ್ಡ ಕೆಲಸ, ಅದೂ ಅದೃಷ್ಟವಿದ್ದರೆ. ನಮ್ಮದು ನೀರಿನ ತೂತಿಗೂ ಪುಶ್ ರಾಡ್ ತೂತಿಗೂ ನಡುವಿನದು. ಉರಿಯ ಒತ್ತಡ ಇಲ್ಲ, ಕ್ರ್ಯಾಂಕಿನ ಭಾರ ಇಲ್ಲ. ಇದನ್ನು ಹೊಲಿಯಬಹುದು.

ಹೊಲಿಯುವುದು ಎಂಬ ಮಾತು ನಿಜಕ್ಕೂ ಸರಿ. ಹರಿಹರದಲ್ಲಿ ಆ ಕೆಲಸ ಮಾಡುವವರೊಬ್ಬರು ಸಿಕ್ಕಿದರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇಥ್ ಕಟ್ಟಿದ ಊರು ಅದು. ಕಾರ್ಖಾನೆ ಮುಚ್ಚಿದರೂ ಕೈಕಸುಬು ಮುಚ್ಚಿಲ್ಲ. ಬಿರುಕಿನ ಉದ್ದಕ್ಕೂ ಒಂದರ ಪಕ್ಕ ಒಂದು ತೂತು ಕೊರೆದು, ಒಳಗೆ ತಿರುಪಿನ ಗೆರೆ ಹಾಕಿ, ತಿರುಪಿನ ಗೆರೆಯುಳ್ಳ ಪಿನ್ನುಗಳನ್ನು ಒಂದರ ಅಂಚನ್ನು ಒಂದು ಕಚ್ಚುವಂತೆ ತಿರುಗಿಸಿ ಕೂರಿಸುತ್ತಾರೆ. ಬೆಂಕಿ ಇಲ್ಲ, ವೆಲ್ಡಿಂಗ್ ಇಲ್ಲ. ಎರಕದ ಕಬ್ಬಿಣವನ್ನು ಸರಿಯಾಗಿ ಕಾಯಿಸದೆ ವೆಲ್ಡ್ ಮಾಡಿದರೆ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುವುದು ಸಾಮಾನ್ಯ. ಪಿನ್ನುಗಳ ತಲೆ ಕತ್ತರಿಸಿ, ಮೇಲ್ಮೈಯನ್ನು ಸಮಮಾಡಿ, ಬ್ಲಾಕನ್ನು ಬೋರಿಂಗ್ ಶಾಪಿಗೆ ಒಯ್ದು ಬಿಸಿನೀರು ತುಂಬಿ ಮೂರು ಕೆಜಿ ಒತ್ತಡದಲ್ಲಿ ಅರ್ಧ ಗಂಟೆ ಇಟ್ಟರು. ಬಿಸಿನೀರೇ ಏಕೆಂದರೆ, ಕೆಲವು ಬಿರುಕುಗಳು ತಣ್ಣಗಿರುವಾಗ ಬಾಯಿ ಮುಚ್ಚಿಕೊಂಡಿದ್ದು ಕಾದಾಗ ಮಾತ್ರ ತೆರೆಯುತ್ತವೆ. ಹೊಲಿಗೆಯ ಮೇಲೆ ನಾನೇ ಸುಣ್ಣದ ಪುಡಿ ತಟ್ಟಿ ನಿಂತಿದ್ದೆ. ಒಣಗಿಯೇ ಉಳಿಯಿತು.

ಪರೀಕ್ಷೆ, ಹೊಲಿಗೆ, ಗ್ಯಾಸ್ಕೆಟ್, ಹೊಸ ಬೇರಿಂಗು, ಎರಡು ಸಲ ಬದಲಿಸಿದ ಆಯಿಲ್, ಎಲ್ಲ ಸೇರಿ ಮೂವತ್ತೊಂದು ಸಾವಿರದ ನಾಲ್ಕು ನೂರು. ಹನ್ನೊಂದು ದಿನ ಲಾರಿ ನಿಂತಿತ್ತು.

ಬ್ಲಾಕ್ ಬಿಚ್ಚಿದಾಗ ಇನ್ನೊಂದು ಕಂಡಿತು. ನೀರು ಹರಿಯುವ ಒಳಗೋಡೆಗಳಿಗೆ ಸುಣ್ಣದ ಪದರ ಕಟ್ಟಿತ್ತು, ಕೆಲವು ಕಡೆ ಜೋಳದ ರೊಟ್ಟಿಯಷ್ಟು ದಪ್ಪ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಚಹಾ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ಆ ಪದರ ಶಾಖವನ್ನು ಕಬ್ಬಿಣದಿಂದ ನೀರಿಗೆ ದಾಟಲು ಬಿಡುವುದಿಲ್ಲ. ಮೂವತ್ತು ವರ್ಷ ನಾವೇ ಕೈಯಾರೆ ಸುರಿದ ಸುಣ್ಣ ಅದು. ಈಗ ಕೂಲೆಂಟ್ ಬೆರೆಸಿದ ಶುದ್ಧ ನೀರು ಬಿಟ್ಟು ಬೇರೆ ಹಾಕುವುದಿಲ್ಲ. ಕ್ಯಾಬಿನ್ನಿನಲ್ಲಿ ಹತ್ತು ಲೀಟರಿನ ಕ್ಯಾನು ಸದಾ ಇರುತ್ತದೆ. ಕಾದರೆ ನಿಲ್ಲಿಸಿ, ಊಟ ಮಾಡಿ, ಎಂಜಿನ್ ಮೇಲೆ ಕೈ ಇಡಲು ಬರುವವರೆಗೆ ಮುಚ್ಚಳ ಮುಟ್ಟಬೇಡ ಎಂದು ಅಣ್ಣನಿಗೆ ಹೇಳಿದ್ದೇನೆ.

ಹಳೆಯ ಲಾರಿ ಕೊಳ್ಳಲು ಹೊರಟವರು ಈಗ ನನ್ನನ್ನು ಕೇಳಲು ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು. ಬೆಳಿಗ್ಗೆ ಬೇಗ, ಹೇಳದೆ ಹೋಗಿ. ಮೊದಲು ಬ್ಲಾಕಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲು ಯಾರೋ ಓಡಿಸಿ ನೋಡಿದ್ದಾರೆ, ಇನ್ನೊಂದು ದಿನ ಬನ್ನಿ. ಲಾರಿಯೆಲ್ಲ ಹಳತಾಗಿ ಬ್ಲಾಕಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಏಕೆ ಎಂದು ಕೇಳಿ. ರೇಡಿಯೇಟರಿನ ನೀರಿನಲ್ಲಿ ಬೆರಳು ಅದ್ದಿ ನೋಡಿ. ಸೋರಿಕೆ ಮುಚ್ಚಲು ಅರಿಶಿನ ಪುಡಿ ಹಾಕುವುದು ಡ್ರೈವರುಗಳ ಹಳೆಯ ಉಪಾಯ. ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಅದು ತಪ್ಪಲ್ಲ, ಮಾರುವಾಗ ಹಾಕಿದ್ದರೆ ಮೋಸ. ಸಂತೆಯಲ್ಲಿ ಮಡಕೆ ತಟ್ಟಿ ನೋಡುವಂತೆ ಬ್ಲಾಕನ್ನು ಸುತ್ತಿಗೆಯಿಂದ ತಟ್ಟಿ ನಾದ ಕೇಳುವವರಿದ್ದಾರೆ. ಬಿಡಿ ಲೈನರಿಗೆ ಅದು ಸರಿ. ಪಂಪು, ಪೈಪು, ಹೆಡ್ ಎಲ್ಲ ಹೊತ್ತು ನಿಂತ ಬ್ಲಾಕ್ ಒಳ್ಳೆಯದಿದ್ದರೂ ದೊಪ್ಪೆಂದೇ ಸದ್ದು ಮಾಡುತ್ತದೆ. ಕೊನೆಯದಾಗಿ, ಚೇಂಬರಿನ ಬೋಲ್ಟನ್ನು ನಿಮ್ಮೆದುರಿಗೆ ಎರಡು ಸುತ್ತು ಸಡಿಲಿಸಲು ಹೇಳಿ. ಅದಕ್ಕೆ ಒಪ್ಪದವರ ಲಾರಿ ಬೇಡ.

ಅಂದು ಸುಣ್ಣದ ಮೇಲೆ ಎಳೆ ಮೂಡಿದಾಗ ನಾನು ನೋಟ್‌ಬುಕ್ಕಿನ ಒಂದು ಹಾಳೆಯನ್ನು ಅದರ ಮೇಲೆ ಒತ್ತಿ ತೆಗೆದಿದ್ದೆ. ಬಿಳಿ ಪುಡಿ ಉದುರಿಹೋಗಿದೆ, ಸೀಮೆಎಣ್ಣೆಯ ವಾಸನೆಯೂ ಹೋಗಿದೆ. ಎಣ್ಣೆಗೆರೆ ಉಳಿದಿದೆ, ಒಂದೂಕಾಲು ಇಂಚು, ಒಂದು ತುದಿಗೆ “ನೀರು”, ಇನ್ನೊಂದು ತುದಿಗೆ “ಪುಶ್ ರಾಡ್” ಎಂದು ಬರೆದಿದ್ದೇನೆ, ಕೆಳಗೆ ತಾರೀಕು. ಅದರ ಮುಂದಿನ ಪುಟದಿಂದ ನೀರಿನ ಕಾಲಂ ಹೆಚ್ಚುಕಡಿಮೆ ಖಾಲಿ. ಎಂದಾದರೂ ಲಾರಿಯನ್ನು ಮಾರುವ ದಿನ ಬಂದರೆ ಆ ಹಾಳೆಯನ್ನು ಕೊಳ್ಳುವವರ ಕೈಗೆ ಮೊದಲು ಕೊಡುತ್ತೇನೆ, ದರ ಮಾತಾಡುವುದು ಆಮೇಲೆ.